ನಾನೇ ಬರೆದ ನಾಲ್ಕನೇ ನಿಯಮ

ಇಪ್ಪತ್ತೆರಡು ವರ್ಷಗಳಿಂದ ಮೊಳೆ, ನಟ್ಟು, ಬೋಲ್ಟು ಮಾರುತ್ತಿರುವವನು ನಾನು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವನ ಮನೆಯ ಯಾವ ನಲ್ಲಿ ಸೋರುತ್ತಿದೆ ಎಂದು ಹೇಳಬಲ್ಲೆ. ಅಂಥವನು ಸ್ವಂತ ಕಾರಿಗೆ ಮೆಕ್ಯಾನಿಕ್ಕನ್ನು ಕರೆಸುವುದೇ? ಆ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಕಾರು ‘ಟಕ್’ ಎಂದು ಸುಮ್ಮನಾಯಿತು. ಫ್ಯೂಸ್ ಹೋಗಿದೆ, ಹತ್ತು ನಿಮಿಷದ ಕೆಲಸ ಎಂದು ಹೆಂಡತಿಗೆ ಘೋಷಿಸಿಬಿಟ್ಟೆ.

ಹಿಂದಿನ ದಿನವಷ್ಟೇ ಅವಳ ತಂದೆಗೆ ಕಣ್ಣಿನ ಪೊರೆ ತೆಗೆದಿದ್ದರು. ಹನ್ನೊಂದಕ್ಕೆ ಆಸ್ಪತ್ರೆಯಿಂದ ನಾನೇ ಕರೆತರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮಾವ ನನ್ನ ಡ್ರೈವಿಂಗ್ ಬಗ್ಗೆ ಇದುವರೆಗೆ ಒಂದು ಒಳ್ಳೆಯ ಮಾತಾಡಿದವರಲ್ಲ. ಒಂದು ಕಣ್ಣಿಗೆ ಪಟ್ಟಿ ಕಟ್ಟಿರುವ ಈ ಸಲವಾದರೂ ಸೈ ಅನ್ನಿಸಿಕೊಳ್ಳುವ ಆಸೆ ನನ್ನದು.

“ಟ್ಯಾಕ್ಸಿ ಕರೀಲಾ?” ಎಂದಳು ಹೆಂಡತಿ.

“ಮನೇಲಿ ಕಾರಿಟ್ಕೊಂಡು ಟ್ಯಾಕ್ಸೀನಾ? ಮಾವ ಏನಂದ್ಕೋತಾರೆ?”

“ಅವರು ಅಂದ್ಕೊಳ್ಳೋದೆಲ್ಲ ಮದುವೆ ದಿನಾನೇ ಅಂದ್ಕೊಂಡಾಗಿದೆ.”

ಬಾನೆಟ್ ಎತ್ತಿ ಫ್ಯೂಸ್ ಡಬ್ಬಿ ತೆರೆದೆ. ಕೆಂಪು, ನೀಲಿ, ಹಳದಿ, ಹಸಿರು! ಅಂಗಡಿಯವನ ಕಣ್ಣು ತಂಪಾಯಿತು. ಎಲ್ಲವನ್ನೂ ಕಿತ್ತೆ. ಡಬ್ಬಿಯ ಮುಚ್ಚಳವನ್ನೇ ತಟ್ಟೆ ಮಾಡಿಕೊಂಡು, ಅಭ್ಯಾಸಬಲದಿಂದ ಬಣ್ಣಬಣ್ಣವಾಗಿ ವಿಂಗಡಿಸಿ ಜೋಡಿಸಿದೆ. ಶೋಕೇಸಿನಲ್ಲಿಡುವಷ್ಟು ಚೆಂದ. ಆದರೆ ಒಂದೂ ಸುಟ್ಟಿರಲಿಲ್ಲ. ಯಾವುದು ಎಲ್ಲಿತ್ತೆಂಬುದೂ ನೆನಪಿರಲಿಲ್ಲ.

ಅಷ್ಟರಲ್ಲಿ ವಾಚ್‌ಮನ್ ಬಂದು ಕೆಮ್ಮಿದ. “ಸಾರ್, ನಾಲ್ಕನೇ ನಿಯಮ.”

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ನಿಯಮಗಳನ್ನು ಬರೆದವನು ನಾನೇ. ನಾಲ್ಕನೆಯದರ ಪ್ರಕಾರ ಪಾರ್ಕಿಂಗಿನೊಳಗೆ ಯಾವ ರಿಪೇರಿಯನ್ನೂ ಮಾಡಕೂಡದು. ಗಾಡಿಯನ್ನು ಗೇಟಿನಾಚೆ ತಳ್ಳಿಕೊಂಡು ಹೋಗಬೇಕು. ತಪ್ಪಿದವರ ಹೆಸರು ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಒಂದು ವಾರ, ದೊಡ್ಡ ಅಕ್ಷರದಲ್ಲಿ. ಹೋದ ತಿಂಗಳು ಹೆಡ್‌ಲೈಟಿನ ಬಲ್ಬ್ ಬದಲಿಸುತ್ತಿದ್ದ ಎದುರುಮನೆಯ ಹಲ್ಲಿನ ಡಾಕ್ಟರನ್ನು ಹೀಗೇ ಹೊರಗೆ ತಳ್ಳಿಸಿದ್ದೆ. ಯಾರ ಮುಖವನ್ನೂ ನೋಡಬೇಡ ಎಂದು ವಾಚ್‌ಮನ್‌ಗೆ ಉಪದೇಶವನ್ನೂ ಕೊಟ್ಟಿದ್ದೆ.

“ರಿಪೇರಿ ಅಲ್ಲಪ್ಪ, ಸುಮ್ನೆ ನೋಡ್ತಿದೀನಿ.”

“ಡಾಕ್ಟ್ರೂ ಹಾಗೇ ಅಂದಿದ್ರು ಸಾರ್.”

ಕಾರು ತಳ್ಳಲು ಡಾಕ್ಟರು ತಾವಾಗಿಯೇ ಇಳಿದು ಬಂದರು. ಅಷ್ಟು ಸಂತೋಷದಿಂದ ಅವರು ಯಾರ ಹಲ್ಲನ್ನೂ ಕಿತ್ತಿರಲಾರರು. ಗೇಟಿನಾಚೆ ಬರುವಷ್ಟರಲ್ಲಿ ಹನ್ನೊಂದೂ ಕಾಲು. ಸ್ಟೀರಿಂಗ್ ಹಿಡಿದಿದ್ದ ಹೆಂಡತಿ ಇಳಿದು, ಕೀಲಿಯನ್ನು ನನ್ನ ಕೈಗಿಟ್ಟು, ಟ್ಯಾಕ್ಸಿ ಹತ್ತಿ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಕ್ಕಾಲು ಗಂಟೆಯ ನಂತರ ಅವಳು ತಂದೆಯೊಂದಿಗೆ ಮರಳಿದಾಗಲೂ ನಾನು ಫ್ಯೂಸುಗಳ ಮುಂದೆಯೇ ನಿಂತಿದ್ದೆ. ಮಾವನಿಗೆ ಬಗ್ಗಬಾರದೆಂದು ಆಜ್ಞೆಯಾಗಿತ್ತು. ವಾಚ್‌ಮನ್ ಕುರ್ಚಿ ತಂದುಕೊಟ್ಟ. ಕೂತಲ್ಲಿಂದಲೇ ಪಟ್ಟಿಯಿಲ್ಲದ ಕಣ್ಣಿನಿಂದ ಕಾರನ್ನೂ ನನ್ನನ್ನೂ ಅಳೆದರು.

“ಅಳಿಯಂದ್ರೇ, ಆ ಮುಚ್ಚಳ ಖಾಲಿ ಮಾಡಿ.”

ಮಾಡಿದೆ. ಯಾವ ಫ್ಯೂಸು ಎಲ್ಲಿಗೆಂದು ತೋರಿಸುವ ನಕ್ಷೆ ಮುಚ್ಚಳದ ಒಳಮೈಯಲ್ಲೇ ಅಚ್ಚಾಗಿತ್ತು. ಇಷ್ಟು ಹೊತ್ತೂ ಅದರ ಮೇಲೆ ನಾನು ಅಂಗಡಿ ಹರಡಿದ್ದೆ! ಹೆಂಡತಿ ಓದುತ್ತಾ ಹೋದಳು, ನಾನು ಸಿಕ್ಕಿಸುತ್ತಾ ಹೋದೆ.

“ಈಗ ಬ್ಯಾಟರಿಗೆ ವೈರು ಕಚ್ಚಿಸೋ ಆ ಕ್ಲ್ಯಾಂಪ್ ಅಲ್ಲಾಡಿಸಿ.”

ಅದು ಆರು ವರ್ಷದ ಮಗುವಿನ ಮುಂದಿನ ಹಲ್ಲಿನಂತೆ ಅಲ್ಲಾಡಿತು. ತಮಾಷೆ ನೋಡಲು ಅಲ್ಲೇ ಉಳಿದಿದ್ದ ಡಾಕ್ಟರೂ ತಲೆದೂಗಿದರು. ಸ್ಪ್ಯಾನರಿನ ಎರಡು ಸುತ್ತು, ಅಷ್ಟೇ. ನನ್ನ ಅಂಗಡಿಯಲ್ಲಿ ದಿನಕ್ಕೆ ಹತ್ತು ಮಾರುವ ಸ್ಪ್ಯಾನರು. ಕಾರು ಗುರ್ರೆಂದಿತು.

ಮಾವ ಎದ್ದು ಬಂದು ಮುಂದಿನ ಸೀಟಿನಲ್ಲಿ ಕೂತರು. “ಮನೆಗೆ ಕರ್ಕೊಂಡ್ ಹೋಗ್ತೀನಿ ಅಂದಿದ್ರಲ್ಲ, ನಡೀರಿ.” ಗೇಟಿನಿಂದ ಪಾರ್ಕಿಂಗಿಗೆ ಅರವತ್ತು ಹೆಜ್ಜೆ. ಮದುಮಗನನ್ನು ಕರೆತರುವಂತೆ ಕರೆತಂದೆ. ಬ್ರೇಕ್ ಮೆತ್ತಗೆ ಹಾಕಿದ್ರಿ ಎಂದು ಹೇಳಿ ಇಳಿದರು. ಆ ದಿನವೆಲ್ಲ ನಾನು ನೆಲದ ಮೇಲಿರಲಿಲ್ಲ.

ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಬಂದೆವು. ಗೇಟಿನಲ್ಲಿ ಇಳಿಯುತ್ತಲೇ ಹೆಂಡತಿ, ದೂರದ್ದು ಕಾಣುತ್ತದೆಯೇ ಎಂದು ತಂದೆಯನ್ನು ವಿಚಾರಿಸಿದಳು.

ಮಾವ ಹೊಸ ಕಣ್ಣನ್ನು ಲಿಫ್ಟಿನ ಕಡೆ ನೆಟ್ಟರು.

“ಕನ್ನಡಕಾನೇ ಬೇಡಮ್ಮ. ಅಳಿಯಂದ್ರ ಹೆಸರು ಇಲ್ಲಿಂದ್ಲೇ ಓದ್ಬೋದು.”