ಒಂಟೆಗೆ ಒಪ್ಪಿಗೆಯಾದ ಸೈಲೆನ್ಸರ್

"ಇಂಥದ್ದೆಲ್ಲ ನಿನಗೇ ಯಾಕೆ ಆಗ್ತದೆ ಅಕ್ಕ?" ಎಂದು ಕುಂದಾಪುರದಿಂದ ಫೋನ್ ಮಾಡುವ ತಂಗಿ ಪ್ರತಿ ಸಲ ಕೇಳುತ್ತಾಳೆ. ಸೌದಿಯ ಖತೀಫ್ ಪಟ್ಟಣದ ಹೊರಗೆ, ಹೆದ್ದಾರಿ ಬದಿಯಲ್ಲಿ, ಆನೆಗಾತ್ರದ ಪಿಕಪ್ ಗಾಡಿಗಳಿಗೆ ಸೈಲೆನ್ಸರ್ ಮಾರುವ ಅಂಗಡಿಯಲ್ಲಿ ಕೂತವಳಿಗೆ ಇನ್ನೆಂತ ಆಗಬೇಕು? ಹೆಸರಿಗೆ ಸೈಲೆನ್ಸರ್. ಬಂದವರೆಲ್ಲ ಕೇಳುವುದು ಮಾತ್ರ ಸದ್ದು.

ದುಭಾಷಿ

ಎಂ.ಕಾಂ. ಮಾಡಿದ ನಾನು ವರ್ಷಗಟ್ಟಲೆ ಅಂಗಡಿಯ ಹಿಂದಿನ ರೂಮಿನಲ್ಲಿ ಬಿಲ್ಲು ಬರೆದವಳು. ಅಲ್ಲಿ ಕಿಟಕಿಯಿಲ್ಲ, ಸುತ್ತ ಟೈರುಗಳ ಗೋಪುರ. ಕೌಂಟರಿನ ಮನುಷ್ಯ ಕೆಲಸ ಬಿಟ್ಟು ಊರಿಗೆ ಹೋದಾಗ ಅಂಗಡಿಯ ಯಜಮಾನರು, ಭಟ್ಕಳದ ಸಾಹೇಬರು, ನನ್ನನ್ನು ಕರೆದರು.

"ಮೇಡಂ, ಸದ್ಯಕ್ಕೆ ನೀವು ಕೂತುಕೊಳ್ಳಿ. ಆದ್ರೆ ಒಂದು ಮಾತು. ಒಬ್ಬನೇ ಒಬ್ಬ ಗಿರಾಕಿ ಮಾಲು ವಾಪಸ್ ತಂದ್ರೂ ನೀವು ಮತ್ತೆ ಹಿಂದಿನ ರೂಮಿಗೆ."

ಗಾಜಿನ ಗೋಡೆ, ಹೊರಗಿನ ಬೆಳಕು, ಮನುಷ್ಯರ ಮುಖ! ಜೀವ ಹೋದರೂ ಆ ಕುರ್ಚಿ ಬಿಡುವುದಿಲ್ಲ ಎಂದುಕೊಂಡೆ.

ಮೊದಲ ಗಿರಾಕಿ ಒಬ್ಬ ಸೌದಿ ತರುಣ. ನನ್ನನ್ನು ನೋಡಿದ, ನನ್ನ ಹಿಂದೆ ಯಾರಾದರೂ ಇದ್ದಾರೋ ಎಂದು ಇಣುಕಿದ. ಯಾರೂ ಇರಲಿಲ್ಲ. ಪಕ್ಕದಲ್ಲಿ ನಮ್ಮ ಫಿಟ್ಟರ್, ಕಾಪು ಕಡೆಯವನು, ಸ್ಪಾನರ್ ಒರೆಸುತ್ತ ನಿಂತಿದ್ದ. ಅರಬ್ಬಿ ನನಗೂ ಬರುತ್ತಿತ್ತು, ಆದರೂ ಹೆಂಗಸಿನ ಹತ್ತಿರ ಮಾತಾಡಲು ಹಿಂಜರಿದ ತರುಣ ಪ್ರಶ್ನೆಯನ್ನೆಲ್ಲ ಅವನಿಗೇ ಕೇಳತೊಡಗಿದ. ಫಿಟ್ಟರ್ ಕನ್ನಡದಲ್ಲಿ ನನ್ನನ್ನು ಕೇಳುವುದು, ನಾನು ಹೇಳುವುದು, ಅವನು ಅರಬ್ಬಿಯಲ್ಲಿ ಆತನಿಗೆ ಒಪ್ಪಿಸುವುದು. ಮೂವರೂ ಇದ್ದದ್ದು ಒಂದೇ ಮೇಜಿನ ಸುತ್ತ. ಕೊನೆಗೆ ಎರಡು ಬಾಯಿಯ ದುಬಾರಿ ಸೈಲೆನ್ಸರೇ ಆಯ್ಕೆಯಾಯಿತು. ಹೋಗುವಾಗ ತರುಣ ಫಿಟ್ಟರನ ಭುಜ ತಟ್ಟಿ, "ನಿನ್ನಷ್ಟು ತಿಳಿದವನನ್ನು ನಾನು ನೋಡಿಲ್ಲ" ಎಂದ.

ಫಿಟ್ಟರ್ ನನ್ನ ಕಡೆ ತಿರುಗಿದ. "ಅಕ್ಕ, ನನಗೆ ಇಷ್ಟೆಲ್ಲ ಗೊತ್ತುಂಟು ಅಂತ ನನಗೇ ಗೊತ್ತಿರ್ಲಿಲ್ಲ!"

ವ್ಯಾಪಾರ

ಸೈಲೆನ್ಸರಿನ ಸದ್ದು ಹೀಗಿರಬೇಕು ಎಂದು ಹೇಳಲು ಯಾವ ಭಾಷೆಯಲ್ಲೂ ಶಬ್ದವಿಲ್ಲ. ಎಲ್ಲರೂ ಬಾಯಲ್ಲೇ ಮಾಡಿ ತೋರಿಸುತ್ತಾರೆ. ಒಂದು ಸಂಜೆ ಒಬ್ಬ ದಪ್ಪ ಕಂಟ್ರಾಕ್ಟರ್ ಕೌಂಟರಿಗೆ ಮೊಣಕೈ ಊರಿ, "ಗುರ್ರ್ರ್" ಎಂದ.

ನಾನು, "ಇದಾ? ಭುರ್ರ್ರ್?"

"ಲಾ, ಲಾ, ಅದಲ್ಲ. ಗುರ್ರ್ರ್... ಡಬ್!"

"ಹಾಂ, ಘರ್ರ್ರ್... ಡಬ್ ಡಬ್!"

ಆತನ ಮುಖ ಅರಳಿತು. ಇಬ್ಬರೂ ಒಟ್ಟಿಗೇ ಇನ್ನೊಮ್ಮೆ ಗುರುಗುಟ್ಟಿ ಖಾತ್ರಿ ಮಾಡಿಕೊಂಡೆವು. ಅಷ್ಟರಲ್ಲಿ ನನ್ನನ್ನು ಕರೆದೊಯ್ಯಲು ಬಂದಿದ್ದ ಗಂಡ ಗಾಜಿನ ಬಾಗಿಲು ಅರ್ಧ ತೆರೆದವರು ಹಾಗೇ ಮುಚ್ಚಿ ಹೊರಗೆ ನಿಂತರು. ಕಾರಿನಲ್ಲಿ ಮೆಲ್ಲನೆ ಕೇಳಿದರು.

"ಜಗಳ ಎಂತಕ್ಕೆ?"

"ಜಗಳ ಅಲ್ಲ ಮಾರಾಯ್ರೆ, ವ್ಯಾಪಾರ."

ಎರಡು ಸಿಗ್ನಲ್ ದಾಟಿದ ಮೇಲೆ ಅವರು ಮತ್ತೆ ಕೇಳಿದರು. "ಹಾಗಾದ್ರೆ ಮನೆಯಲ್ಲಿ ನೀನು ಮಾಡುವುದೂ ವ್ಯಾಪಾರವೇ?"

ಎರಡನೇ ರಿಮೋಟು

ಒಬ್ಬನಿಗೆ ಊರೇ ನಡುಗುವ ಸೈಲೆನ್ಸರ್ ಬೇಕಿತ್ತು. ಕೊಟ್ಟೆ. ಮರುದಿನ ಅವನ ತಾಯಿಯ ಫೋನು. "ಮಗಳೇ, ಅಂಗಡಿಯಲ್ಲಿ ಹೆಂಗಸು ಇದ್ದಾಳೆಂದು ಕೇಳಿ ಫೋನ್ ಮಾಡಿದೆ. ಅವನು ಬಂದರೆ ತೊಟ್ಟಿಲಿನ ಮಗು ಕಿರುಚುತ್ತದೆ. ವಾಪಸ್ ಕಳಿಸುತ್ತೇನೆ."

ವಾಪಸ್! ನನಗೆ ಟೈರಿನ ವಾಸನೆ ಮೂಗಿಗೆ ಹೊಡೆದ ಹಾಗಾಯಿತು. ಮಗನನ್ನು ಕರೆಸಿ, ಗುಂಡಿ ಒತ್ತಿದರೆ ಅಬ್ಬರಿಸುವ, ಇನ್ನೊಮ್ಮೆ ಒತ್ತಿದರೆ ತೆಪ್ಪಗಾಗುವ ವಾಲ್ವ್ ಒಂದನ್ನು ಆ ಸೈಲೆನ್ಸರಿಗೇ ಹಾಕಿಸಿದೆ. ಡಬ್ಬಿಯಲ್ಲಿ ರಿಮೋಟು ಎರಡಿದ್ದವು. ಒಂದು ಮಗನಿಗೆ. ಇನ್ನೊಂದು ಯಾರಿಗೆ ಹೋಯಿತೆಂದು ಹೇಳಬೇಕಾಗಿಲ್ಲ.

ಕೆಲವು ದಿನ ಬಿಟ್ಟು ಅವನು ತಲೆ ಕೆರೆದುಕೊಳ್ಳುತ್ತ ಬಂದ. "ಊರೆಲ್ಲ ಸಿಂಹದ ಹಾಗೆ ಇರುತ್ತದೆ. ನಮ್ಮ ಮನೆ ಹತ್ತಿರ ಬಂದ ಕೂಡಲೇ ಬಾಯಿ ಮುಚ್ಚುತ್ತದೆ. ಯಾಕೆ?"

"ಒಳ್ಳೆ ಮನೆತನದ ಸೈಲೆನ್ಸರ್" ಎಂದೆ. "ತಾಯಿ ಎದುರು ಸ್ವರ ಎತ್ತುವುದಿಲ್ಲ."

ನಿಜವಾದ ಗಿರಾಕಿ

ಒಂಟೆ ಸಾಕುವ ಮುದುಕರೊಬ್ಬರು ತಮ್ಮ ಹಳೇ ಪಿಕಪ್ಪಿನ ತೂತುಬಿದ್ದ ಸೈಲೆನ್ಸರ್ ಬಿಸಾಡಿ ನನ್ನಿಂದ ಹೊಸದು ಹಾಕಿಸಿಕೊಂಡಿದ್ದರು. ವಾರ ಕಳೆಯುವುದರೊಳಗೆ ಬಂದು, "ಇದು ಬೇಡ" ಎಂದರು.

"ಯಾಕೆ ಚಾಚಾ? ಸದ್ದೇ ಇಲ್ಲವಲ್ಲ?"

"ಅದೇ ಕಷ್ಟ. ಮೊದಲು ಮೇವು ತರುವ ಗಾಡಿಯ ಸದ್ದು ದೂರದಿಂದಲೇ ಕೇಳಿ ಒಂಟೆಗಳು ಓಡಿ ಬರುತ್ತಿದ್ದವು. ಈಗ ನೋಡಿಯೂ ನೋಡದ ಹಾಗೆ ಮುಖ ತಿರುಗಿಸುತ್ತವೆ. ನನ್ನನ್ನು ಕಳ್ಳ ಅಂದುಕೊಂಡಿವೆ."

ಒಳಗಿನಿಂದ ಸಾಹೇಬರ ಸ್ವರ ಬಂತು. "ಮೇಡಂ, ಇದು ವಾಪಸ್ ಲೆಕ್ಕವೇ."

"ವಾಪಸ್ ಅಲ್ಲ ಸಾಹೇಬ್ರೆ, ಬದಲಿ!" ಎಂದೆ. ಹಳೆಯದು ಆಗಲೇ ಗುಜರಿಗೆ ಹೋಗಿತ್ತು. ಬಾಯಿಗೆ ಬಂದದ್ದು ಹೇಳಿದೆ. "ಚಾಚಾ, ಹಿಂಡಿನ ಯಜಮಾನಿಯನ್ನೇ ಕರಕೊಂಡು ಬನ್ನಿ. ಅವಳೇ ಆರಿಸಲಿ."

ತಮಾಷೆಗೆ ಹೇಳಿದ್ದು. ಮರುದಿನ ಪಿಕಪ್ಪಿನ ಹಿಂದೆ ಮಂಡಿ ಮಡಚಿ ಕೂತು, ಮದುಮಗಳ ಹಾಗೆ ರೆಪ್ಪೆ ಬಡಿಯುತ್ತ ಯಜಮಾನಿ ಬಂದೇಬಿಟ್ಟಳು.

ಫಿಟ್ಟರ್ ಒಂದಾದ ಮೇಲೊಂದು ಹಾಕಿ ಕೇಳಿಸಿದ. ಅವಳು ಮೆಲುಕು ಹಾಕುತ್ತ ಎದುರಿನ ಪೆಟ್ರೋಲ್ ಬಂಕ್ ನೋಡುತ್ತಿದ್ದಳು. "ಅಕ್ಕ, ನಮ್ಮ ಅತ್ತೆ ಸೀರೆ ಅಂಗಡಿಯಲ್ಲಿ ಕೂರುವುದು ಹೀಗೇ" ಎಂದು ಫಿಟ್ಟರ್ ಬೆವರು ಒರೆಸಿಕೊಂಡ. ನಾನು ಮನಸ್ಸಿನಲ್ಲೇ ಹಿಂದಿನ ರೂಮು ಗುಡಿಸತೊಡಗಿದ್ದೆ.

ಆಗ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಸಾಹೇಬರು ತಮ್ಮ ಪಿಕಪ್ಪಿನಲ್ಲಿ ಬಂದರು. ಸೈಲೆನ್ಸರ್ ಅಂಗಡಿಯ ಯಜಮಾನರು ಸ್ವಂತ ಗಾಡಿಗೆ ಇವತ್ತಿನವರೆಗೆ ಹೊಸ ಸೈಲೆನ್ಸರ್ ಹಾಕಿಸಿದವರಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿದು ಜರಡಿಯಾದ ಆ ಕೊಳವೆ ಕೆಮ್ಮಿತು, ಗೊರಕೆ ಹೊಡೆಯಿತು, ಸೀಟಿ ಊದಿತು.

ಯಜಮಾನಿ ಕತ್ತು ನೀಟಿದಳು. ಇಡೀ ಬೀದಿ ತಿರುಗಿ ನೋಡುವ ಹಾಗೆ ಒಂದು ಪ್ರೀತಿಯ ಕೂಗು ಹಾಕಿದಳು.

"ಇದೇ!" ಮುದುಕರು ಓಡಿಹೋಗಿ ಸಾಹೇಬರನ್ನು ತಬ್ಬಿಕೊಂಡರು. "ಇದೇ ಬೇಕು!"

"ಅಯ್ಯೋ, ಅದು ಗುಜರಿ! ಹೊಸದು ಕೊಡ್ತೇನೆ!"

ಯಾರು ಕೇಳುತ್ತಾರೆ? ಫಿಟ್ಟರ್ ಆಗಲೇ ಸಾಹೇಬರ ಗಾಡಿಯ ಅಡಿಯಲ್ಲಿದ್ದ. ಅವರದ್ದು ಮುದುಕರಿಗೆ, ಮುದುಕರ ಹೊಸದು ಅವರಿಗೆ. ಯಜಮಾನಿ ಕಣ್ಣು ಮುಚ್ಚಿ ಆ ಕೆಮ್ಮು ಕೇಳುತ್ತ ಹೊರಟುಹೋದಳು.

"ಸಾಹೇಬ್ರೆ, ನಾನು ಹಿಂದಿನ ರೂಮಿಗಾ?"

"ನನ್ನ ಗುಜರಿಯನ್ನೇ ಮಾರಿದವರನ್ನು ಹಿಂದೆ ಕೂರಿಸ್ಲಿಕ್ಕೆ ನನಗೆ ತಲೆ ಕೆಟ್ಟಿದೆಯಾ? ಕೌಂಟರ್ ನಿಮ್ಮದೇ, ಹೋಗಿ" ಎಂದು ಹೇಳಿ, ಬೆಕ್ಕಿನ ಹೆಜ್ಜೆಯಷ್ಟೂ ಸದ್ದಿಲ್ಲದ ಗಾಡಿಯಲ್ಲಿ ಮನೆಗೆ ಹೊರಟರು.

ಸ್ವಲ್ಪ ಹೊತ್ತಿಗೆ ಅವರದೇ ಫೋನು. ಸ್ವರ ಅಳುವಂತಿತ್ತು. "ಮೇಡಂ, ಮನೆ ಎದುರು ನಿಂತಿದ್ದೇನೆ. ದಿನಾ ಗಾಡಿ ಸದ್ದು ಕೇಳಿಯೇ ನಮ್ಮವಳು ಗೇಟು ತೆಗೆದು, ಚಹಾ ಇಡ್ತಿದ್ಳು. ಇವತ್ತು ಕಿಟಕಿಯಿಂದ ನೋಡಿ ಪರದೆ ಎಳಕೊಂಡ್ಳು! ಯಾರೋ ಬೇರೆಯವರು ಅಂದುಕೊಂಡಿದ್ದಾಳೆ!"

"ಅದಕ್ಕೆಂತ ಸಾಹೇಬ್ರೆ" ಎಂದೆ, ನನ್ನ ಖಾಯಂ ಕುರ್ಚಿಗೆ ಬೆನ್ನು ಒರಗಿಸಿ. "ನಾಳೆ ಅವರನ್ನೂ ಕರಕೊಂಡು ಬನ್ನಿ. ಒಂದೊಂದೇ ಹಾಕಿ ಕೇಳಿಸಿ ನೋಡುವ."