ಕಾಕಾನ ಸೈಗಾನ್ ಊಟ

ಮಹಾಯುದ್ಧಕ್ಕೆ ಹೋದ ನಮ್ಮ ಕಾಕಾ ಅಲ್ಲಿಂದ ಗೆದ್ದು ತಂದದ್ದೇನು? ಒಂದು ಅಡುಗೆ! ಪದಕ ತಂದವರಿದ್ದಾರೆ, ಗಾಯ ತಂದವರೂ ಇದ್ದಾರೆ. ಇವನು ಮಾತ್ರ ಫೌಜಿನ ಜೊತೆ ಸೈಗಾನಿಗೆ, ಅಂದರೆ ಈಗ ವಿಯೆಟ್ನಾಮ್ ಎನ್ನುವ ದೇಶದ ಪಟ್ಟಣಕ್ಕೆ ಹೋಗಿ, ಒಮ್ಮೆ ಕಾಯಿಲೆ ಬಿದ್ದು ಎದ್ದು, ಅಲ್ಲಿಯ ಜನ ಹೇಗೆ ಉಣ್ಣುತ್ತಾರೆ ಎಂಬುದನ್ನಷ್ಟೇ ನೋಡಿಕೊಂಡು ನಮ್ಮೂರು ಮಾದನಹಿಪ್ಪರಗಾಕ್ಕೆ ಮರಳಿದ.

ಬಂದವನಿಗೆ ನಮ್ಮ ಊಟದಲ್ಲಿ ಬರೀ ತಪ್ಪುಗಳೇ ಕಂಡವು. ರೊಟ್ಟಿ ದಪ್ಪವಾಯಿತು, ಪಲ್ಯ ಹೆಚ್ಚು ಬೆಂದಿತು. ಕೊನೆಗೆ ಬಡಿಸುವುದೇ ತಪ್ಪಾಯಿತು!

"ಅಲ್ಲಿ ಯಾರೂ ಯಾರಿಗೂ ಬಡಸೂದಿಲ್ಲ. ನಡಕ ಒಂದು ಅಗಲ ತಾಟು, ಪರಾತ ಇಡ್ತಾರ. ಸುತ್ತ ಕುಂತು, ತಮ್ಮದು ತಾವ ಅಕ್ಕಿಹಾಳ್ಯಾಗ ಸುತ್ಕೊಂಡು ತಿಂತಾರ."

"ಯಾಕ, ಬಡಸೋ ಹೆಣ್ಮಕ್ಕಳು ಸತ್ತಾರೇನು?" ಎಂದಳು ಆಯಿ, ಅಂದರೆ ನಮ್ಮ ಅಜ್ಜಿ.

ಒಂದು ಚಳಿಗಾಲ ಕಾಕಾ ಗೆಳೆಯರನ್ನು ಸೈಗಾನ್ ಊಟಕ್ಕೆ ಕರೆದೇಬಿಟ್ಟ. ಊರಿನ ಮಾಸ್ತರು, ಕಿರಾಣಿ ಸಾಹುಕಾರ, ಜೊತೆಗೆ ಜೇವರ್ಗಿ ಕಡೆಯ ಕೊಳಕೂರಿನಿಂದ ಒಬ್ಬ ಫೌಜಿ ದೋಸ್ತ. ಈ ದೋಸ್ತನ ಹೆಸರಿಗೆ ಆಯಿಯ ಮುಖ ಬಿಗಿಯಿತು. ಅವನು ಊರಾಚೆಯ ಕೇರಿಯವನು. ಹಿಂದೊಮ್ಮೆ ಬಂದಾಗ ಅಂಗಳದಲ್ಲೇ ನಿಂತು, ಮೇಲಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದು ಹೋಗಿದ್ದ. ಆ ದಿನ ಕಾಕಾನೂ ಉಂಡಿರಲಿಲ್ಲ. ಈ ಸಲ ಅವನನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡೇ ಉಣ್ಣುತ್ತೇನೆ ಎಂದು ಹಟ ಹಿಡಿದ.

"ನಮ್ಮ ಪಂಗತಿಯೊಳಗ ಅವನ್ನ ಹ್ಯಾಂಗ ಕೂಡಸ್ತಿಲೇ?"

"ಸೈಗಾನಿನಾಗ ಪಂಗತಿನ ಇಲ್ಲಬೇ ಯವ್ವಾ!"

ದಿನಾ ಮುಂಜಾನೆ ತಪ್ಪದೆ ವಚನ ಹೇಳುವ ಆಯಿ ಸೆರಗು ಕೊಡವಿ ಎದ್ದಳು. ಅಡುಗೆಮನೆಯ ಹೊಸ್ತಿಲ ಬಳಿ ಬೆನ್ನು ತಿರುಗಿಸಿ ಕುಳಿತುಬಿಟ್ಟಳು.

ಕಾಕಾ ಒಲೆ ಹಿಡಿದ. ಕುದಿಯುವ ನೀರಿನ ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ನುಣ್ಣಗೆ ಅರೆದ ಅಕ್ಕಿಹಿಟ್ಟನ್ನು ತೆಳ್ಳಗೆ ಸವರಿ, ಹಬೆಯಲ್ಲಿ ಹಾಳೆ ಮಾಡಬೇಕಂತೆ. ಯಾವ ಬಟ್ಟೆ? ಅವನ ಮದುವೆಯ ಧೋತರ! ಮೊದಲ ಹಾಳೆ ಧೋತರ ಬಿಟ್ಟು ಬರಲಿಲ್ಲ. ಎರಡನೆಯದರ ಜೊತೆ ಒಂದಿಷ್ಟು ಧೋತರವೂ ಬಂತು. ಅಲ್ಲಿಯವರು ಇದಕ್ಕೆ ಮೀನಿನ ರಸ ಹಾಕುತ್ತಾರೆ ಎಂದು ಬಾಯಿತಪ್ಪಿ ಅಂದದ್ದಕ್ಕೆ ಆಯಿ ಗಡಿಗೆಯನ್ನೇ ಬೀದಿಗೆ ಎಸೆಯಲು ಎದ್ದಳು. ಕೊನೆಗೆ ಹುಣಸೆ, ಬೆಲ್ಲ, ಖಾರದ ಮೇಲೆ ಸಂಧಾನವಾಯಿತು.

ಸಂಜೆ ಪಡಸಾಲೆಯ ನಡುವೆ ಪರಾತ ಬಂತು. ಹೇಗೋ ಬಿಡಿಸಿಕೊಂಡ ಅಕ್ಕಿಹಾಳೆ, ಹಕ್ಕರಕಿ ಸೊಪ್ಪು, ಮೆಂತ್ಯದ ಎಲೆ, ಉಳ್ಳಾಗಡ್ಡಿ ತಪ್ಪಲು, ಸೌತೆಕಾಯಿ, ಕುಟ್ಟಿದ ಶೇಂಗಾ, ಒಂದು ಬಟ್ಟಲು ಹುಣಸೆ ರಸ.

ಸಾಹುಕಾರ ಬಗ್ಗಿ ನೋಡಿದ. "ಹಸಿ ತಪ್ಪಲ ತಿನ್ನಾಕ ಸಮುದ್ರ ದಾಟಿ ಹೋಗಿದ್ದೇನೋ? ನಮ್ಮ ಹೊಲದಾಗ ಇತ್ತಲ್ಲೋ!"

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಯಾರೂ ಪರಾತಕ್ಕೆ ಕೈ ಹಾಕಲಿಲ್ಲ. ಕೊಳಕೂರಿನವನು ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

"ಹಿಂಗ ಸುತ್ತಬೇಕ್ರಿ" ಎಂದು ಕಾಕಾ ಒಂದು ಹಾಳೆ ಸುತ್ತಿದ. ಅದು ಒಡೆದು ತಪ್ಪಲು ಮಡಿಲಿಗೆ ಬಿತ್ತು. ಇನ್ನೊಂದು ಸುತ್ತಿದ. ಅದರ ರಸ ಮಾಸ್ತರ ಅಂಗಿಗೆ ಹಾರಿತು.

ಕೊಳಕೂರಿನವನಿಗೆ ನಗು ತಡೆಯಲಾಗಲಿಲ್ಲ. "ಅಲ್ಲೂ ಇವಂಗ ಬರ್ತಿದ್ದಿಲ್ರಿ. ನಾನ ಸುತ್ತಿ ಕೊಡ್ತಿದ್ದೆ."

"ಹಂಗಾದ್ರ ಇಲ್ಲೂ ಸುತ್ತಲೇ!" ಎಂದ ಕಾಕಾ.

ಅವನು ಸುತ್ತಿದ. ಬಿಗಿಯಾಗಿ, ಬೀಡಿ ಕಟ್ಟಿದಷ್ಟು ಅಚ್ಚುಕಟ್ಟಾಗಿ. ಕಾಕಾ ತಿಂದ, ಮಾಸ್ತರು ತಿಂದರು. ಸಾಹುಕಾರ ಒಮ್ಮೆ ಹೊಸ್ತಿಲ ಬಳಿಯ ಆಯಿಯ ಕಡೆ ಕಣ್ಣು ಹಾಯಿಸಿ, ತಾನೂ ತಿಂದ.

ಆಗ ಬೆನ್ನು ತಿರುಗಿಸಿ ಕುಳಿತಲ್ಲಿಂದಲೇ ಆಯಿ ಕೇಳಿದಳು: "ಆ ದೇಶದಾಗ ನಮ್ಮ ಹುಡುಗ ಜಡ್ಡು ಬಿದ್ದಾಗ ಯಾರು ಉಣಸಿದ್ರು?"

ಕಾಕಾ ಗೆಳೆಯನ ಭುಜ ಹಿಡಿದ. "ಇವನ ಉಣಸಿದ, ಯವ್ವಾ. ಕೈಯಾರೆ."

ಆಯಿ ಎದ್ದಳು. ಗೋಡೆ ಹಿಡಿದು ಮೆಲ್ಲಗೆ ಬಂದು, ಪರಾತದ ಪಕ್ಕ ಕುಳಿತಳು. ಕೊಳಕೂರಿನವನ ಮುಂದೆ ಅಂಗೈ ಚಾಚಿದಳು.

"ಯಪ್ಪಾ, ನನಗೂ ಒಂದು ಸುತ್ತಿ ಕೊಡು. ಶೇಂಗಾ ಕಮ್ಮಿ ಹಾಕು, ಹಲ್ಲಿಲ್ಲ ನನಗ."