ಸೀರಿಯಸ್ಸಾ, ಕ್ರಿಟಿಕಲ್ಲಾ?

ಎಡವಟ್ಟೆಲ್ಲ ಶುರುವಾದದ್ದು ಸತ್ಯ ಹೇಳಿದ್ದರಿಂದ. ಸೋಪು ಫ್ಯಾಕ್ಟರಿಯ ಸೂಪರ್‌ವೈಸರ್ ಬೆಳಿಗ್ಗೆ ಫೋನಿನಲ್ಲಿ "ನಿಮ್ಮಪ್ಪಂಗೆ ಹೇಗಿದೆಯಯ್ಯಾ?" ಎಂದು ಕೇಳಿದರು. ಪ್ಯಾಕಿಂಗ್ ವಿಭಾಗದ ನಮ್ಮ ಬಡಪಾಯಿ, ಡಾಕ್ಟರು ಅಂದದ್ದನ್ನೇ ಗಿಣಿಯ ಹಾಗೆ ಒಪ್ಪಿಸಿಬಿಟ್ಟ.

"ಸೀರಿಯಸ್ ಅಂತೆ ಸಾರ್."

"ಬರೀ ಸೀರಿಯಸ್ಸಾ? ಹಾಗಾದ್ರೆ ಮಧ್ಯಾಹ್ನದ ಸೈರನ್ ಒಳಗೆ ಬಂದ್ಬಿಡು. ಕ್ರಿಟಿಕಲ್ ಆಗಿದ್ರೆ ಮೂರು ದಿನ ರಜಾ ಕೊಡ್ತಿದ್ದೆ. ಬರ್ಲಿಲ್ವೋ, ನಾಳೆಯಿಂದ ಗೇಟಿನ ಹತ್ರಾನೂ ಸುಳೀಬೇಡ."

ಅವರದೂ ತಪ್ಪೆನ್ನುವಂತಿಲ್ಲ ಬಿಡಿ. ಹಿಂದೆ ಯಾವನೋ ಪುಣ್ಯಾತ್ಮ ಅಜ್ಜಿಗೆ ಸೀರಿಯಸ್ ಎಂದು ರಜಾ ಗಿಟ್ಟಿಸಿ, ಅದೇ ಅಜ್ಜಿಯ ಜೊತೆ ಟಾಕೀಸಿನಲ್ಲಿ ಇವರ ಕೈಗೇ ಸಿಕ್ಕಿಬಿದ್ದಿದ್ದ. ಅಂದಿನಿಂದ ಆ ಫ್ಯಾಕ್ಟರಿಯಲ್ಲಿ ಸೀರಿಯಸ್ ಎಂಬ ಮಾತಿಗೆ ಕವಡೆ ಕಿಮ್ಮತ್ತಿಲ್ಲ.

ಇತ್ತ ಜನರಲ್ ವಾರ್ಡಿನಲ್ಲಿ ಅಪ್ಪ ಮಗನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಮಲಗಿದ್ದರು. ಜನ್ಮದಲ್ಲಿ ಯಾರಿಗೂ ಹೆದರದ ಮನುಷ್ಯ. ಎದೆನೋವು ಬಂದು ಆಸ್ಪತ್ರೆಯ ವಾಸನೆ ಬಡಿದದ್ದೇ ತಡ, ಮಗುವಾಗಿಬಿಟ್ಟಿದ್ದರು.

"ಎಲ್ಲಿಗೂ ಹೋಗ್ಬೇಡ ಕಣೋ. ನೀನು ಪಕ್ಕದಲ್ಲಿದ್ರೆ ನಂಗೇನೂ ಆಗಲ್ಲ."

ಹೋದರೆ ಅಪ್ಪ ಒಬ್ಬಂಟಿ, ಉಳಿದರೆ ಕೆಲಸ ಹೋಯಿತು. ಅಪ್ಪನನ್ನು ನೋಡಲು ಬಂದಿದ್ದ ಪಕ್ಕದ ಮನೆಯ ಹಿರಿಯರ ಮುಂದೆ ಮಗ ಬಾಯಿ ತಪ್ಪಿ ಈ ಸಂಕಟವನ್ನು ಹೇಳಿಕೊಂಡ. ಟೈಪಿಂಗ್ ಕ್ಲಾಸು ನಡೆಸಿ ನಿವೃತ್ತರಾದ ಅವರನ್ನು ಬೀದಿಯೆಲ್ಲ ಡಿಕ್ಷನರಿ ಮಾವ ಎನ್ನುತ್ತಿತ್ತು. ರೋಗಿಯನ್ನು ನೋಡಲು ಬರಿಗೈಯಲ್ಲಿ ಬಂದು ಬಾಯಿ ತುಂಬ ಸಲಹೆ ಕೊಡುವ ಜಾತಿ.

"ವ್ಯತ್ಯಾಸ ತಿಳ್ಕೋ" ಎಂದು ಮಾವ ಮಂಚದ ಮೇಲೇ ಕುಳಿತರು. "ಸೀರಿಯಸ್ ಅಂದ್ರೆ ಬಾವಿಕಟ್ಟೆ ಮೇಲೆ ಕೂತ ಹಾಗೆ. ಕ್ರಿಟಿಕಲ್ ಅಂದ್ರೆ ಕೈ ಜಾರಿ ಹಗ್ಗ ಹಿಡ್ಕೊಂಡು ನೇತಾಡ್ತಿರೋ ಹಾಗೆ."

"ಸುಮ್ನಿರಿ, ಸೀರಿಯಸ್ಸೇ ದೊಡ್ಡದು" ಎಂದು ಪಕ್ಕದ ಮಂಚದ ರೋಗಿಯ ಹೆಂಡತಿ ಬಾಯಿ ಹಾಕಿದಳು. "ನಮ್ಮ ಯಜಮಾನ್ರಿಗೆ ಸೀರಿಯಸ್ ಅಂದ್ರು, ಎರಡು ದಿನ ಕಣ್ಣೇ ಬಿಡ್ಲಿಲ್ಲ."

"ಅದು ಕ್ರಿಟಿಕಲ್ಲಮ್ಮಾ! ನಿಮಗೆ ಯಾರೋ ತಪ್ಪು ಪದ ಹೇಳಿದಾರೆ."

"ಗಂಡ ನನ್ನೋನು, ಪದ ನಿಮ್ಮದಾ?"

ಅಪ್ಪ ಮೆಲ್ಲಗೆ ತಲೆ ಎತ್ತಿದರು. "ಈಗ ನಾನು ಕಟ್ಟೆ ಮೇಲಿದೀನೋ, ಹಗ್ಗದಲ್ಲೋ?"

ಮಾವ ಮಗನನ್ನು ವರಾಂಡಕ್ಕೆ ಎಳೆದುಕೊಂಡು ಹೋಗಿ, "ಡಾಕ್ಟರ ಬಾಯಲ್ಲೇ ಆ ಪದ ಹೇಳಿಸು" ಎಂದು ಕಿವಿಯೂದಿದರು.

ಆಪರೇಷನ್‌ಗೆಂದು ಹೊರಟಿದ್ದ ಡಾಕ್ಟರು ಮೊದಲು ರೇಗಿದರು. "ನಿಮ್ಮಪ್ಪ ಚೇತರಿಸ್ಕೊಳ್ತಿದಾರೆ ಕಣ್ರೀ! ಒಳ್ಳೆ ಮಗ ನೀವು, ಅಪ್ಪನ ಕಾಯಿಲೆಗೆ ಬಡ್ತಿ ಕೇಳ್ತೀರಲ್ಲಾ!"

"ಹಾಗಂದ್ರೇನೇ ಫ್ಯಾಕ್ಟರೀಲಿ ರಜಾ ಕೊಡೋದು. ಅಪ್ಪನ ಹತ್ರ ಕೂತ್ಕೋಬೇಕು ಸಾರ್, ಅಷ್ಟೇ" ಎಂದು ಇವನು ಗೊಳೋ ಎಂದು ಅತ್ತುಬಿಟ್ಟ.

ಡಾಕ್ಟರ ಮನಸ್ಸು ಕರಗಿತು. ಅವನ ಫೋನು ಕಸಿದುಕೊಂಡು ಸೂಪರ್‌ವೈಸರ್‌ಗೆ, "ಹೌದು, ಡಾಕ್ಟರೇ ಮಾತಾಡ್ತಿರೋದು. ಇವರ ತಂದೆ ಕ್ರಿಟಿಕಲ್" ಎಂದು ಗಟ್ಟಿಯಾಗಿ ಹೇಳಿ, ಆಪರೇಷನ್ ಥಿಯೇಟರ್ ಹೊಕ್ಕು ಬಾಗಿಲು ಹಾಕಿಕೊಂಡರು. ಪುಣ್ಯಕ್ಕೆ ಮೂರು ದಿನದ ರಜಾ ಸಿಕ್ಕಿತು. ಗ್ರಹಚಾರಕ್ಕೆ, ಪಕ್ಕದಲ್ಲೇ ಔಷಧದ ಟ್ರೇ ಹಿಡಿದು ನಿಂತಿದ್ದ ಹೆಡ್ ನರ್ಸಮ್ಮನೂ ಅದನ್ನು ಕೇಳಿಸಿಕೊಂಡಳು.

ಇವನು ಕೆಳಗೆ ಹೋಗಿ ಮುಖ ತೊಳೆದು, ಒಂದು ಟೀ ಕುಡಿದು, ಹಗುರವಾಗಿ ಮೇಲೆ ಬಂದ. ಅಪ್ಪನ ಮಂಚ ಖಾಲಿ!

"ಕ್ರಿಟಿಕಲ್ ಅಂತ ಐಸಿಯುಗೆ ತಳ್ಕೊಂಡು ಹೋದ್ರಪ್ಪಾ" ಎಂದಳು ಪಕ್ಕದ ಮಂಚದವಳು. "ಮಗ ಎಲ್ಲಿ, ಮಗ ಎಲ್ಲಿ ಅಂತ ಕೂಗ್ತಾನೇ ಹೋದ್ರು, ಪಾಪ."

ಐಸಿಯು ಬಾಗಿಲಲ್ಲಿ ನರ್ಸಮ್ಮ ಗೋಡೆಯಂತೆ ನಿಂತಿದ್ದಳು. "ಸೀರಿಯಸ್ ಆದ್ರೆ ಮನೆಯವರು ಪಕ್ಕದಲ್ಲಿರ್ಬಹುದು. ಕ್ರಿಟಿಕಲ್ ಆದ್ರೆ ಒಳಗೆ ಯಾರನ್ನೂ ಬಿಡೋ ಹಾಗಿಲ್ಲ."

"ಅದು ರಜಾಕ್ಕೋಸ್ಕರ ಹೇಳಿದ್ದು ಸಿಸ್ಟರ್! ಸುಳ್ಳು!"

"ಡಾಕ್ಟರ ಬಾಯಿಂದ ಕಿವಿಯಾರೆ ಕೇಳಿದೀನಿ. ಅವರೇ ಬಂದು ಇಲ್ಲ ಅನ್ಲಿ. ಇಲ್ಲಾ, ನಿಮ್ಮ ಫ್ಯಾಕ್ಟರಿಗೇ ಫೋನ್ ಮಾಡಿ ಸುಳ್ಳೋ ನಿಜಾನೋ ವಿಚಾರಿಸ್ಲಾ?"

ಫ್ಯಾಕ್ಟರಿಯ ಹೆಸರು ಕಿವಿಗೆ ಬಿದ್ದದ್ದೇ ಇವನು ಐಸಿಯುವಿನ ಗಾಜಿನ ಕಿಟಕಿಯತ್ತ ಸರಿದ. ಗಾಜಿನ ಆಚೆ ಅಪ್ಪನ ಮೂಗಿಗೆ ನಳಿಕೆ, ಎದೆಗೆ ವೈರು. ಅವರ ಕೈ ಮಂಚದ ಅಂಚನ್ನು ತಡಕುತ್ತಿತ್ತು. "ಅಪ್ಪಾ, ಇಲ್ಲೇ ಇದೀನಿ" ಎಂದು ಇವನು ಗಾಜು ಬಡಿದ. ಒಳಗೆ ಕೇಳಿಸಲಿಲ್ಲ.

ಆಪರೇಷನ್ ಮುಗಿಯುವ ಹೊತ್ತಿಗೆ ಸಂಜೆಯಾಯಿತು. ಸಂಗತಿ ಕೇಳಿದ ಡಾಕ್ಟರು ಹಣೆ ಚಚ್ಚಿಕೊಂಡು ಒಳಗೆ ಓಡಿದರು. ಹೊರಗೆ ಬರುವಾಗ ಅವರ ಹೆಜ್ಜೆ ನಿಧಾನವಾಗಿತ್ತು.

"ವಾರ್ಡಿಗೆ ಕಳಿಸ್ತೀರಲ್ಲಾ ಸಾರ್?"

"ತುಂಬಾ ಹೆದರಿಬಿಟ್ಟಿದಾರೆ. ನಾನಿನ್ನು ಉಳಿಯಲ್ಲ, ಅದಕ್ಕೇ ಮಗನ್ನ ದೂರ ಇಟ್ಟಿದಾರೆ ಅಂದ್ಕೊಂಡು..." ಡಾಕ್ಟರು ಇವನ ಕಣ್ಣು ತಪ್ಪಿಸಿದರು. "ಈಗ ನಿಜವಾಗ್ಲೂ ಕ್ರಿಟಿಕಲ್."

"ಒಂದೇ ಒಂದು ಸಲ ಒಳಗೆ ಬಿಡಿ ಸಾರ್."

"ಈಗಂತೂ ಆಗಲ್ಲಪ್ಪಾ."

ಮಾವ ಮೆಲ್ಲನೆ ಜಾರಿಕೊಂಡರು. ಇವನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಸಿದು ಕುಳಿತ. ಇನ್ನು ಮೂರು ದಿನ ಅವನನ್ನು ಅಲ್ಲಿಂದ ಎಬ್ಬಿಸುವವರು ಯಾರೂ ಇರಲಿಲ್ಲ.